ಅಂಗಡಿಯ ಗಾಜಿನ ಹಿಂದಿನ ಕ್ರಿಸ್‌ಮಸ್

ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂ ಎಂಬ ರಾಜಬೀದಿಯನ್ನು 50ನೆಯ ಅಡ್ಡಬೀದಿ ಸಂಧಿಸುವಲ್ಲಿ, ಉತ್ತರದ ಮೂಲೆಗೆ ಸಂತ ಪ್ಯಾಟ್ರಿಕ್ಕರ ಪ್ರಧಾನಾಲಯವಿದೆ. ದಕ್ಷಿಣದ ಮೂಲೆಗೆ ಸ್ಯಾಕ್ಸ್ ಎಂಬ ಬೃಹತ್ ಮಳಿಗೆಯಿದೆ. ಪ್ರಧಾನಾಲಯದ ಬಾಗಿಲು ತೆರೆದದ್ದು 1879ರಲ್ಲಿ, ಮಳಿಗೆಯ ಬಾಗಿಲು ತೆರೆದದ್ದು 1924ರಲ್ಲಿ. ಡಿಸೆಂಬರ್ ತಿಂಗಳಿನಲ್ಲಿ ಈ ಎರಡು ಬಾಗಿಲುಗಳ ನಡುವೆ ಹರಿಯುವ ಜನಸಾಗರ ಒಂದೇ. ಅಂಗಡಿಯ ಗಾಜಿನ ಕಿಟಕಿಗಳ ಮುಂದೆ ಸಾಲುಗಟ್ಟಿ ನಿಂತು ಅಲುಗಾಡುವ ಬೊಂಬೆಗಳನ್ನು ನೋಡಿದ ಕುಟುಂಬವೇ ಬೀದಿ ದಾಟಿ ಪ್ರಧಾನಾಲಯದೊಳಗಿನ ಗೋದಲಿಯ ಮುಂದೆಯೂ ನಿಲ್ಲುತ್ತದೆ. ಆ ಕುಟುಂಬದ ಚಿಕ್ಕ ಮಗುವಿಗೆ ಎರಡೂ ಒಂದೇ ಜಾತಿಯ ವಸ್ತುಗಳು: ಬೆಳಕಿನ ನಡುವೆ ಇರಿಸಿದ ಪುಟ್ಟ ಆಕೃತಿಗಳು, ಮುಟ್ಟಬಾರದವು, ನೋಡಬೇಕಾದವು.

ಹಬ್ಬದ ದಿನಗಳ ಈ ಅಂಗಡಿ ಕಿಟಕಿಗಳ ಬಗ್ಗೆ, ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ ಶೋಕೇಸುಗಳ ಬಗ್ಗೆ, ಈ ವಾರ ಬರೆಯಬೇಕೆನಿಸಿದೆ. ಧರ್ಮಕೇಂದ್ರದ ಗುರುವೊಬ್ಬನು ಇಂಥ ವಿಷಯವನ್ನು ಎತ್ತಿಕೊಂಡರೆ ಮುಂದಿನ ಮಾತೇನೆಂದು ಓದುಗರು ಊಹಿಸಬಲ್ಲರು: ಹಬ್ಬವು ವ್ಯಾಪಾರವಾಗಿದೆ, ಅಂಗಡಿಯವರು ಬಾಲಯೇಸುವನ್ನು ಮರೆತಿದ್ದಾರೆ, ಇತ್ಯಾದಿ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ನೋಡುವುದಕ್ಕೆ ಮೊದಲೇ ಕೊಟ್ಟ ತೀರ್ಪು. ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಶಿಸ್ತೆಂದರೆ, ಒಂದು ವಸ್ತುವು ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದಕ್ಕೆ ಮುಂಚೆ ಅದು ಏನು, ಯಾವುದಕ್ಕಾಗಿ ಇದೆ ಎಂದು ಕೇಳಬೇಕೆಂಬುದು. ಅಂಗಡಿ ಕಿಟಕಿಗೂ ಆ ನ್ಯಾಯವನ್ನು ಸಲ್ಲಿಸೋಣ.

ದೊಡ್ಡ ಗಾಜು ಇಲ್ಲದೆ ಶೋಕೇಸು ಇಲ್ಲ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕವನ್ನು 1845ರಲ್ಲಿ ತೆಗೆದುಹಾಕಿದರು. ಮನೆಗಳ ಕಿಟಕಿಗಳ ಮೇಲಿದ್ದ ತೆರಿಗೆ 1851ರಲ್ಲಿ ರದ್ದಾಯಿತು. ಅಲ್ಲಿಯವರೆಗೆ ಸಾಧಾರಣ ಅಂಗಡಿಯ ಕಿಟಕಿಯೆಂದರೆ ಮರದ ಚೌಕಟ್ಟುಗಳ ನಡುವೆ ಕೂರಿಸಿದ ಸಣ್ಣ ಸಣ್ಣ ಗಾಜಿನ ತುಂಡುಗಳು. ಬಳಿಕ ಆಳೆತ್ತರದ ಒಂದೇ ಹಾಳೆಯ ಗಾಜು ಅಗ್ಗವಾಗುತ್ತ ಬಂದು ಗೋಡೆಯೇ ಕಿಟಕಿಯಾಯಿತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ 1874ರ ಕ್ರಿಸ್‌ಮಸ್ಸಿಗೆ ತನ್ನ ಕಿಟಕಿಗಳಲ್ಲಿ ಪಿಂಗಾಣಿ ಬೊಂಬೆಗಳನ್ನಿಟ್ಟು, ಹ್ಯಾರಿಯಟ್ ಬೀಚರ್ ಸ್ಟೋವ್ ಬರೆದ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ದೃಶ್ಯಗಳನ್ನು ರೂಪಿಸಿತು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಅಳಿದು ಆಗ ಇನ್ನೂ ಒಂಬತ್ತೇ ವರ್ಷ. ಹಬ್ಬದ ಕಿಟಕಿಗಳ ಪರಂಪರೆಯಲ್ಲಿ ಮೊದಲ ಸಾಲಿನಲ್ಲಿ ಹೆಸರಿಸುವ ಆ ಪ್ರದರ್ಶನದಲ್ಲಿ ಒಬ್ಬ ಗುಲಾಮನ ಸಂಕಟದ ಕಥೆಯಿತ್ತೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಇಂದಿನ ಕಿಟಕಿಗಳಲ್ಲಿ ಸಂಕಟಕ್ಕೆ ಎಡೆಯಿಲ್ಲ.

ಈ ಕಲೆಗೆ ಶಾಸ್ತ್ರವನ್ನು ಬರೆದುಕೊಟ್ಟವನೊಬ್ಬನಿದ್ದಾನೆ. ಅವನ ಹೆಸರನ್ನು ಓದುಗರು ಬೇರೊಂದು ಕಾರಣಕ್ಕಾಗಿ ಕೇಳಿರುತ್ತೀರಿ. ಎಲ್. ಫ್ರ್ಯಾಂಕ್ ಬಾಮ್ ಎಂಬ ಷಿಕಾಗೋ ನಿವಾಸಿ 1897ರಲ್ಲಿ 'ದಿ ಷೋ ವಿಂಡೋ' ಎಂಬ ಪತ್ರಿಕೆಯನ್ನು ಪ್ರಾರಂಭಿಸಿದ. ಅದು ಅಂಗಡಿ ಕಿಟಕಿಗಳನ್ನು ಸಿಂಗರಿಸುವ ಕೆಲಸಗಾರರಿಗಾಗಿಯೇ ಮೀಸಲಾದ ಪತ್ರಿಕೆ. ಮರುವರ್ಷ ಆ ಕೆಲಸಗಾರರ ರಾಷ್ಟ್ರೀಯ ಸಂಘವೊಂದನ್ನೂ ಸ್ಥಾಪಿಸಿದ. 1900ರಲ್ಲಿ ಬಟ್ಟೆಯಂಗಡಿಗಳ ಕಿಟಕಿ ಅಲಂಕಾರವನ್ನು ಕುರಿತು ದೊಡ್ಡದೊಂದು ಕೈಪಿಡಿಯನ್ನು ಹೊರತಂದ. ಅದೇ 1900ರಲ್ಲಿ ಅವನ ಇನ್ನೊಂದು ಪುಸ್ತಕವೂ ಪ್ರಕಟವಾಯಿತು: 'ದಿ ವಂಡರ್‌ಫುಲ್ ವಿಜರ್ಡ್ ಆಫ್ ಆಜ್' ಎಂಬ ಮಕ್ಕಳ ಕಥೆ. ಆ ಕಥೆಯ ಪಚ್ಚೆಯ ನಗರಕ್ಕೆ ಹೋಗುವವರೆಲ್ಲರೂ ಹಸಿರು ಕನ್ನಡಕವನ್ನು ಹಾಕಿಕೊಳ್ಳಬೇಕು. ಆದುದರಿಂದಲೇ ಎಲ್ಲವೂ ಪಚ್ಚೆಯಂತೆ ಹೊಳೆಯುತ್ತದೆ. ಅಲ್ಲಿನ ಮಹಾ ಮಾಂತ್ರಿಕನು ಕಡೆಗೆ ಮರೆಯ ಹಿಂದೆ ನಿಂತು ಯಂತ್ರಗಳನ್ನು ಆಡಿಸುವ ಸಾಧಾರಣ ಮುದುಕನೆಂದು ಬಯಲಾಗುತ್ತದೆ. ಕಿಟಕಿಯ ಪರದೆಯ ಹಿಂದೆ ರಾತ್ರಿಯಿಡೀ ತಂತಿ, ಗಾಲಿ, ಕನ್ನಡಿಗಳನ್ನು ಜೋಡಿಸುವ ಕಸುಬನ್ನು ಬಲ್ಲವನಿಗಲ್ಲದೆ ಬೇರೆ ಯಾರಿಗೆ ಆ ಕಥೆ ಹೊಳೆದೀತು?

ಬಾಮನ ಕೈಪಿಡಿ ಒಂದು ವಿಷಯದಲ್ಲಿ ಬಹಳ ಪ್ರಾಮಾಣಿಕ. ಕಿಟಕಿಯ ಉದ್ದೇಶ ನೋಡುವವನಲ್ಲಿ ಆಸೆಯನ್ನು ಕೆರಳಿಸುವುದು, ಆ ವಸ್ತು ತನ್ನದಾಗಬೇಕೆಂಬ ಹಂಬಲವನ್ನು ಹುಟ್ಟಿಸುವುದು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಸಂತ ಯೊವಾನ್ನರ ಪತ್ರದಲ್ಲಿ ಎಚ್ಚರಿಸಲಾದ ಕಣ್ಣಿನಾಸೆ ಇಲ್ಲಿ ಒಂದು ವೃತ್ತಿಯ ಗುರಿಯಾಗಿ ಅಚ್ಚಾಗಿದೆ. ಹಾಗಾದರೆ ಅಲ್ಲಿಗೆ ವಿಚಾರ ಮುಗಿಯಿತೇ? ಮುಗಿಯಲಿಲ್ಲ. ಏಕೆಂದರೆ ಅದೇ ಬಾಮ್, ಸರಕನ್ನು ರಾಶಿ ಹಾಕಿದರೆ ಯಾರೂ ನಿಲ್ಲುವುದಿಲ್ಲವೆಂದೂ ಬಲ್ಲವನಾಗಿದ್ದ. ಜನರನ್ನು ನಿಲ್ಲಿಸಬೇಕಾದರೆ ವಿಸ್ಮಯವನ್ನು ಒದಗಿಸಬೇಕು. ಸೊಂಟದ ಮೇಲ್ಭಾಗ ಮಾತ್ರವೇ ಕಾಣುತ್ತ, ಮಾಯವಾಗಿ, ಹೊಸ ಉಡುಪಿನಲ್ಲಿ ಮರಳಿ ಬರುವ ಹೆಂಗಸಿನಂಥ ಕಣ್ಕಟ್ಟುಗಳು ಬೇಕು. ವಿಸ್ಮಯವೇ ತತ್ತ್ವಜ್ಞಾನದ ಮೂಲವೆಂದು ಗ್ರೀಕರು ಹೇಳಿದರಷ್ಟೆ. ಅಂಗಡಿಯವನು ಆಸೆಯನ್ನು ಬಿತ್ತಲೆಂದೇ ವಿಸ್ಮಯದ ಹೊಲವನ್ನು ಉಳುತ್ತಾನೆ; ಆದರೆ ಉತ್ತ ಹೊಲದಲ್ಲಿ ಅವನು ಬಿತ್ತಿದ್ದು ಮಾತ್ರವೇ ಬೆಳೆಯುತ್ತದೆಯೆಂದು ಹೇಳಲಾಗದು.

ಷಿಕಾಗೋದ ಮಾರ್ಷಲ್ ಫೀಲ್ಡ್ ಮಳಿಗೆಯಲ್ಲಿ ಪಳಗಿದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ 1909ರ ಮಾರ್ಚ್‌ನಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ತನ್ನ ಮಳಿಗೆಯನ್ನು ತೆರೆದು, ಅಂಗಡಿ ಮುಚ್ಚಿದ ಮೇಲೂ ರಾತ್ರಿ ಕಿಟಕಿಗಳ ದೀಪಗಳನ್ನು ಉರಿಯಬಿಟ್ಟ. ಕೊಳ್ಳಲು ಬಾಗಿಲೇ ಇಲ್ಲದ ಹೊತ್ತಿನಲ್ಲಿ ಜನರು ನೋಡಲು ಬಂದರು. ನೋಟವು ಖರೀದಿಯಿಂದ ಬೇರೆಯಾದ ಗಳಿಗೆ ಅದು.

ಇನ್ನು ಮೌಲ್ಯಮಾಪನದ ಅಳತೆಗೋಲಿನ ಪ್ರಶ್ನೆ. ಅಂಗಡಿಯವನ ಅಳತೆಗೋಲು ಸುಲಭ: ಎಷ್ಟು ಜನ ನಿಂತರು, ಅವರಲ್ಲಿ ಎಷ್ಟು ಜನ ಒಳಗೆ ಬಂದರು. ನಮ್ಮದು ಬೇರೆ. ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಯೆ' ಗ್ರಂಥದಲ್ಲಿ, ಪರಮ ತ್ರಿತ್ವದ ಚರ್ಚೆಯ ನಡುವೆ, ಸೌಂದರ್ಯಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ: ಸಮಗ್ರತೆ, ಸಾಮರಸ್ಯ, ಪ್ರಭೆ. ಹದಿಮೂರನೆಯ ಶತಮಾನದ ಸಂನ್ಯಾಸಿಯ ಮಾತನ್ನು ಬಟ್ಟೆಯಂಗಡಿಗೆ ತರುವುದು ವಿಚಿತ್ರವೆನಿಸಬಹುದು. ಆದರೆ ಕಿಟಕಿ ಅಲಂಕಾರದ ಕಸುಬುದಾರರು ತಮ್ಮ ಅನುಭವದಿಂದ ಕಂಡುಕೊಂಡ ನಿಯಮಗಳನ್ನು ಈ ಮೂರರ ಪಕ್ಕದಲ್ಲಿಟ್ಟು ನೋಡಿದರೆ ಅವು ಬಹಳ ದೂರದವಲ್ಲ.

ಸಮಗ್ರತೆಯೆಂದರೆ ಏನೂ ಕೊರತೆಯಿಲ್ಲದಿರುವುದು, ಹಾಗೆಯೇ ಬೇಡದ್ದು ಇಲ್ಲದಿರುವುದು. ದಾರಿಹೋಕನೊಬ್ಬನು ಒಂದು ಕಿಟಕಿಗೆ ಕೊಡುವ ಸಮಯ ಕೆಲವೇ ಕ್ಷಣಗಳು. ಅಷ್ಟರಲ್ಲಿ ಅವನ ಮನಸ್ಸಿಗೆ ಒಂದೇ ಒಂದು ಭಾವನೆ ತಲುಪಬಹುದು. ಹಿಮಸಾರಂಗ, ಸಾಂತಾ, ಉಡುಗೊರೆ ಪೆಟ್ಟಿಗೆ, ರಿಯಾಯಿತಿಯ ಫಲಕ, ಮಿನುಗುವ ನಕ್ಷತ್ರ, ಪಕ್ಕದಲ್ಲೊಂದು ಪ್ರೆಷರ್ ಕುಕ್ಕರ್ ಇವೆಲ್ಲವನ್ನೂ ಕೂಡಿಟ್ಟ ಕಿಟಕಿಯಲ್ಲಿ ಕಣ್ಣು ಎಲ್ಲಿಯೂ ಕುಳಿತುಕೊಳ್ಳುವುದಿಲ್ಲ. ವಸ್ತುಗಳು ಬಹಳವಿರಬಾರದೆಂದು ಇದರ ಅರ್ಥವಲ್ಲ. ಫಿಫ್ತ್ ಅವೆನ್ಯೂದ 58ನೆಯ ಬೀದಿಯ ಬಳಿಯ ಬರ್ಗ್‌ಡಾರ್ಫ್ ಗುಡ್‌ಮನ್ ಮಳಿಗೆ ತನ್ನ ಹಬ್ಬದ ಕಿಟಕಿಗಳಲ್ಲಿ ತಿಲವನ್ನಿಡಲೂ ತೆರಪಿಲ್ಲದಂತೆ ವಸ್ತುಗಳನ್ನು ತುಂಬುವುದಕ್ಕೆ ಪ್ರಸಿದ್ಧವಾಗಿದೆ. ಅಲ್ಲಿ ಆ ತುಂಬಿರುವಿಕೆಯೇ ಭಾವನೆ. ಇಡೀ ದೃಶ್ಯ ಒಂದೇ ಬಣ್ಣಕ್ಕೋ ಒಂದೇ ಪದಾರ್ಥಕ್ಕೋ ಅಧೀನವಾಗಿದ್ದರೆ ಗಲಿಬಿಲಿಯಾಗದು. ಹೆಚ್ಚು ಕಡಿಮೆಯೆಂಬುದು ಎಣಿಕೆಯ ಪ್ರಶ್ನೆಯಲ್ಲ, ಅಧೀನತೆಯ ಪ್ರಶ್ನೆ.

ಸಾಮರಸ್ಯವೆಂದರೆ ಭಾಗಗಳ ನಡುವಣ ಅನುಪಾತ ಮಾತ್ರವಲ್ಲ, ನೋಡುವವನಿಗೂ ನೋಟಕ್ಕೂ ನಡುವಣ ಅನುಪಾತವೂ ಹೌದು. ದೊಡ್ಡವರ ಕಣ್ಣಿನ ಮಟ್ಟಕ್ಕೆ ಜೋಡಿಸಿದ ಕಿಟಕಿಯ ಮುಂದೆ ಮಗುವಿಗೆ ಕಾಣುವುದು ವೇದಿಕೆಯ ಅಡಿಯ ಹಲಗೆ. ಹಬ್ಬದ ಕಿಟಕಿ ಯಾರಿಗಾಗಿ ಎಂದು ನಿಜವಾಗಿ ಆಲೋಚಿಸಿದವರು ಕೆಳಗಿನ ಎರಡು ಮೂರು ಅಡಿಗಳಲ್ಲಿಯೂ ಏನಾದರೊಂದು ನಡೆಯುವಂತೆ ಮಾಡುತ್ತಾರೆ: ಒಂದು ಇಲಿ ಗಿಣ್ಣಿನ ಚೂರನ್ನು ಎಳೆದುಕೊಂಡು ಹೋಗುತ್ತಿರಬಹುದು, ಮೇಜಿನಡಿಯಲ್ಲಿ ಒಂದು ಬೆಕ್ಕು ಮಲಗಿರಬಹುದು.

ಪ್ರಭೆಯ ವಿಷಯದಲ್ಲಿಯೇ ಅತಿ ಹೆಚ್ಚು ತಪ್ಪುಗಳಾಗುತ್ತವೆ. ದೀಪಗಳ ಸಂಖ್ಯೆಯನ್ನೇ ಪ್ರಭೆಯೆಂದು ತಿಳಿಯುವುದು ಸಾಮಾನ್ಯ ಪ್ರಮಾದ. ಎಡಿಸನ್ ತನ್ನ ದೀಪವನ್ನು ಸಾರ್ವಜನಿಕರಿಗೆ ತೋರಿಸಿದ್ದು 1879ರ ಡಿಸೆಂಬರಿನಲ್ಲಿ, ಅಂದರೆ ಮೇಲೆ ಹೇಳಿದ ಪ್ರಧಾನಾಲಯ ಬಾಗಿಲು ತೆರೆದ ವರ್ಷದಲ್ಲಿಯೇ. ಅಂದಿನಿಂದ ಅಂಗಡಿಗಳು ಬೆಳಕನ್ನು ಕೂಡುತ್ತಲೇ ಬಂದಿವೆ. ಆದರೆ ಗಾಜಿನ ಗುಣವನ್ನು ಗಮನಿಸಿರಿ. ಹೊರಗಿನ ಬೆಳಕು ಒಳಗಿನದಕ್ಕಿಂತ ಪ್ರಖರವಾಗಿದ್ದರೆ ಗಾಜು ಕನ್ನಡಿಯಾಗುತ್ತದೆ. ನೋಡುವವನಿಗೆ ಬೀದಿಯ ವಾಹನಗಳೂ ತನ್ನದೇ ಮುಖವೂ ಕಾಣುತ್ತವೆ. ಒಳಗಿನ ದೀಪ ಕಣ್ಣಿಗೆ ನೇರವಾಗಿ ಚುಚ್ಚಿದರೆ ವಸ್ತು ಮರೆಯಾಗುತ್ತದೆ. ನಿಪುಣನಾದವನು ದೀಪವನ್ನು ಬಚ್ಚಿಟ್ಟು, ಬೆಳಕು ಬಿದ್ದ ವಸ್ತುವನ್ನು ಮಾತ್ರ ತೋರಿಸುತ್ತಾನೆ. ಸುತ್ತ ಕತ್ತಲೆಯನ್ನೂ ಉಳಿಸುತ್ತಾನೆ. ಹಗಲಲ್ಲಿ ಪೇಲವವಾಗಿದ್ದ ಕಿಟಕಿ ಸಂಜೆ ಆರಕ್ಕೆ ಜೀವ ತಳೆಯುವುದು ಇದೇ ಕಾರಣದಿಂದ.

ಈ ಮೂರು ಲಕ್ಷಣಗಳೂ ಒಟ್ಟಾಗಿ ಕೂಡಿಬಂದ ಕಿಟಕಿಯೊಂದನ್ನು ಆರಿಸೆಂದರೆ ನಾನು 1938ರದ್ದೊಂದನ್ನು ಆರಿಸುತ್ತೇನೆ. ಲಾರ್ಡ್ ಅಂಡ್ ಟೇಲರ್ ಎಂಬ ಮಳಿಗೆ 1914ರಲ್ಲಿ ಫಿಫ್ತ್ ಅವೆನ್ಯೂದ ಹೊಸ ಕಟ್ಟಡಕ್ಕೆ ಬಂದಾಗ ಅದರ ಕಿಟಕಿಗಳ ವೇದಿಕೆಗಳನ್ನು ನೀರಿನ ಒತ್ತಡದಿಂದ ನಡೆಯುವ ಲಿಫ್ಟುಗಳ ಮೇಲೆ ನಿರ್ಮಿಸಲಾಗಿತ್ತು. ಇಡೀ ವೇದಿಕೆಯನ್ನು ನೆಲಮಾಳಿಗೆಗೆ ಇಳಿಸಿ, ಅಲ್ಲಿ ಸಾವಧಾನವಾಗಿ ದೃಶ್ಯವನ್ನು ಕಟ್ಟಿ, ರಾತ್ರೋರಾತ್ರಿ ಮೇಲಕ್ಕೆ ಏರಿಸಬಹುದಾಗಿತ್ತು. ನಾಟಕರಂಗದ ಯಂತ್ರವೇ ಬೀದಿಗೆ ಬಂದಂತೆ. 1938ರ ಕ್ರಿಸ್‌ಮಸ್ಸಿಗೆ ಅಲಂಕಾರದ ಮುಖ್ಯಸ್ಥನಾಗಿದ್ದ ಡಾನಾ ಓ'ಕ್ಲೇರ್ ಆ ಕಿಟಕಿಗಳಿಂದ ಸರಕನ್ನೆಲ್ಲ ತೆಗೆದುಬಿಟ್ಟ. ಉಡುಪಿಲ್ಲ, ಚೀಲವಿಲ್ಲ, ಸುಗಂಧವಿಲ್ಲ. ಚಿನ್ನದ ಬಣ್ಣದ ದೊಡ್ಡ ಗಂಟೆಗಳು ಮಾತ್ರ. ಅವು ತೂಗಾಡುತ್ತಿದ್ದವು; ಅವುಗಳ ತೂಗಾಟಕ್ಕೆ ಹೊಂದಿಕೊಂಡು ಮುದ್ರಿತ ಗಂಟಾನಾದ ಬೀದಿಗೆ ಕೇಳಿಬರುತ್ತಿತ್ತು. ಜನ ನಿಂತರು. ಮಾರಾಟಕ್ಕೆ ಏನನ್ನೂ ಇಡದ ಕಿಟಕಿಯನ್ನು ನೋಡಲು ಜನ ನಿಂತರು.

ಇದೂ ವ್ಯಾಪಾರದ ತಂತ್ರವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ಗಂಟೆಗಳ ಕಿಟಕಿಯಿಂದ ಮಳಿಗೆಯ ಹೆಸರು ಬೆಳೆಯಿತು. ಮೇಲುಮಳಿಗೆಗಳು ಹಬ್ಬದ ಕಿಟಕಿಗಳನ್ನು ಕಥಾದೃಶ್ಯಗಳಿಗೆ ಬಿಟ್ಟುಕೊಡುವ ಪದ್ಧತಿ ಅಲ್ಲಿಂದ ಬಲವಾಯಿತು, ಮತ್ತು ಯಾವ ವ್ಯಾಪಾರಿಯೂ ನಷ್ಟವಾಗುವ ಪದ್ಧತಿಯನ್ನು ದಶಕಗಟ್ಟಲೆ ಮುಂದುವರಿಸುವುದಿಲ್ಲ. ಸಂತ ಅಗಸ್ಟೀನರು ನಾವು ವಸ್ತುಗಳನ್ನು ಪ್ರೀತಿಸುವ ಎರಡು ಬಗೆಗಳನ್ನು ಬೇರ್ಪಡಿಸುತ್ತಾರೆ: ಒಂದನ್ನು ಇನ್ನೊಂದಕ್ಕಾಗಿ ಬಳಸುವುದು, ಒಂದನ್ನು ಅದಕ್ಕಾಗಿಯೇ ಸವಿಯುವುದು. ಅಂಗಡಿಯವನು ಗಂಟೆಗಳನ್ನು ಬಳಸಿದ. ಬೀದಿಯಲ್ಲಿ ನಿಂತಿದ್ದವನು ಅವನ್ನು ಸವಿದ. ಆ ಸವಿದವನ ಬಳಿ ಬಸ್ಸಿನ ಹಣ ಬಿಟ್ಟು ಬೇರೇನೂ ಇರಲಿಲ್ಲವೆಂದಿಟ್ಟುಕೊಳ್ಳಿ. ಅವನಿಗೆ ದೊರೆತದ್ದರಲ್ಲಿ ಏನು ಕಡಿಮೆಯಾಯಿತು? ಕೊಡುವವನ ಉದ್ದೇಶ ಮಿಶ್ರವಾಗಿದ್ದ ಮಾತ್ರಕ್ಕೆ ಪಡೆದವನ ಸಂತೋಷ ಸುಳ್ಳಾಗುವುದಿಲ್ಲ. ಹಾಗೆ ಸುಳ್ಳಾಗುವುದಾದರೆ, ದೊರೆಗಳೂ ಶ್ರೀಮಂತ ವರ್ತಕರೂ ತಮ್ಮ ಕೀರ್ತಿಗಾಗಿ ಕಟ್ಟಿಸಿದ ಯೂರೋಪಿನ ಎಷ್ಟು ದೇವಾಲಯಗಳ ಬಣ್ಣದ ಗಾಜುಗಳನ್ನು ನಾವು ಕಳಚಬೇಕಾದೀತು!

ಇದಕ್ಕೆ ವಿರುದ್ಧವಾಗಿ, ಆಸೆಯನ್ನು ಕೆರಳಿಸುವುದಕ್ಕೆಂದೇ ಇಟ್ಟ ಅತಿ ದುಬಾರಿ ವಸ್ತುವನ್ನೂ ವಿನಯದಿಂದ ತೋರಿಸಬಹುದೆಂಬುದಕ್ಕೆ ಟಿಫನಿ ಆಭರಣದಂಗಡಿಯ ಜೀನ್ ಮೂರ್ ಸಾಕ್ಷಿ. ಅವನು 1955ರಿಂದ 1994ರವರೆಗೆ ಆ ಅಂಗಡಿಯ ಪುಟ್ಟ ಕಿಟಕಿಗಳನ್ನು ನೋಡಿಕೊಂಡ. ವಜ್ರವನ್ನು ಮಖಮಲ್ಲಿನ ಮೇಲಿಡುವುದು ಎಲ್ಲರಿಗೂ ತಿಳಿದದ್ದು. ಮೂರ್ ಮೊಟ್ಟೆ, ಹಗ್ಗ, ಮಣ್ಣು, ಅಡಿಗೆಮನೆಯ ಸಾಮಾನುಗಳಂಥವನ್ನು ವಜ್ರದ ಪಕ್ಕಕ್ಕೆ ತಂದ. ಮಣ್ಣಿನ ಮೇಲಿಟ್ಟಾಗ ವಜ್ರ ಮಾತ್ರವಲ್ಲ, ಮಣ್ಣೂ ಸುಂದರವಾಗಿ ಕಂಡಿತು. ನಮ್ಮ ಮಂಗಳೂರು ಕಡೆಯ ಮನೆಗಳಲ್ಲಿ ಗೋದಲಿಗಾಗಿ ತಟ್ಟೆಗಳಲ್ಲಿ ಭತ್ತದ ಮೊಳಕೆ ಬರಿಸುವ ತಾಯಂದಿರಿಗೆ ಈ ಗುಟ್ಟು ಯಾರೂ ಹೇಳಿಕೊಡದೆ ಗೊತ್ತು.

ಹೊಸತನದ ಬಗ್ಗೆಯೂ ಒಂದು ಮಾತು. ದೊಡ್ಡ ಮಳಿಗೆಗಳು ವರ್ಷಕ್ಕೊಂದು ಹೊಸ ವಿಷಯವನ್ನು ಹುಡುಕುತ್ತವೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಮೈಯರ್ ಮಳಿಗೆಯಲ್ಲಿ, ಅಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದ 1956ರಿಂದ ಕಿಟಕಿಗಳ ಪರಂಪರೆಯಿದೆ. ಬಹುತೇಕ ಮಕ್ಕಳ ಕಥೆಪುಸ್ತಕಗಳೇ ಅಲ್ಲಿ ವಿಷಯ. ಆದರೆ ಕೆನಡಾದ ಮಾಂಟ್ರಿಯಲ್ ನಗರದ ಓಗಿಲ್ವಿ ಮಳಿಗೆಯವರು ಇನ್ನೊಂದು ದಾರಿ ಹಿಡಿದರು. 1947ರಲ್ಲಿ ಜರ್ಮನಿಯ ಸ್ಟೈಫ್ ಸಂಸ್ಥೆಯಿಂದ ಕಾಡಿನ ನಡುವಣ ಗಿರಣಿಯೊಂದರ ಯಾಂತ್ರಿಕ ದೃಶ್ಯವನ್ನು ಮಾಡಿಸಿ ತಂದರು. ಗಿರಣಿಯ ಚಕ್ರ ತಿರುಗುತ್ತದೆ, ಪುಟ್ಟ ಪ್ರಾಣಿಗಳು ದುಡಿಯುತ್ತವೆ. ಆ ದೃಶ್ಯವೇ ಹಬ್ಬದಿಂದ ಹಬ್ಬಕ್ಕೆ ಕಿಟಕಿಗೆ ಮರಳಿತು. 1947ರಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ಮಗು ತನ್ನ ಮೊಮ್ಮಗುವನ್ನು ಎತ್ತಿಕೊಂಡು ಅದೇ ಗಿರಣಿಯನ್ನು ನೋಡಿತು. 2018ರಲ್ಲಿ ಅದನ್ನು ಆ ನಗರದ ಮೆಕಾರ್ಡ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಾಯಿತು. ಪುನರಾವರ್ತನೆಯ ರುಚಿಯನ್ನು ದೈವಾರಾಧನೆಯಿಂದ ಬಲ್ಲ ನಮಗೆ ಇದು ಆಶ್ಚರ್ಯವಲ್ಲ. ಮೈಸೂರು ಸೀಮೆಯ ಬೊಂಬೆಹಬ್ಬವನ್ನು ನೋಡಿದವರಿಗಂತೂ ಅಲ್ಲವೇ ಅಲ್ಲ. ಬೆಸಸಂಖ್ಯೆಯ ಮೆಟ್ಟಿಲುಗಳು, ಮೇಲೆ ಪಟ್ಟದ ಬೊಂಬೆಗಳು, ತಾಯಿಯಿಂದ ಮಗಳಿಗೆ ಬಂದ ಅದೇ ಹಳೆಯ ಬೊಂಬೆಗಳ ನಡುವೆ ಆ ವರ್ಷದ ಹೊಸದೊಂದು. ಅಲ್ಲಿ ಶೆಟ್ಟಿ ದಂಪತಿಗಳ ಬೊಂಬೆಯೂ ಇರುತ್ತದೆ, ಮುಂದೆ ಅಕ್ಕಿ ಬೇಳೆ ಹರಡಿಕೊಂಡು. ಫಿಫ್ತ್ ಅವೆನ್ಯೂದಲ್ಲಿ ಬೊಂಬೆಗಳು ಅಂಗಡಿಯೊಳಗಿವೆ. ಬೊಂಬೆಹಬ್ಬದಲ್ಲಿ ಅಂಗಡಿಯೇ ಬೊಂಬೆಗಳೊಳಗಿದೆ. ಯಾವುದು ಯಾವುದರ ಅಧೀನವೆಂಬ ಪ್ರಶ್ನೆಗೆ ಇದಕ್ಕಿಂತ ಚೆಲುವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಕ್ಲಿಷ್ಟವಾದ ವಿಷಯಕ್ಕೆ ಬರೋಣ: ಅಂಗಡಿಯ ಕಿಟಕಿಯಲ್ಲಿ ಗೋದಲಿ ಇರಬಹುದೇ?

1994ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬಾರ್ನೀಸ್ ಮಳಿಗೆಯ ಕಿಟಕಿಯಲ್ಲಿ ಟಾಮ್ ಸ್ಯಾಕ್ಸ್ ಎಂಬ ಕಲಾವಿದ ರಚಿಸಿದ ಗೋದಲಿಯೊಂದನ್ನು ಇಡಲಾಯಿತು. ಮಾತೆ ಮರಿಯಮ್ಮನವರ ಸ್ಥಾನದಲ್ಲಿ ಹಲೋ ಕಿಟಿ ಎಂಬ ಜಪಾನೀ ಬೆಕ್ಕಿನ ಬೊಂಬೆ, ಅದೂ ಅಸಭ್ಯವಾದ ಉಡುಪಿನಲ್ಲಿ. ಮೂವರು ಜ್ಞಾನಿಗಳ ಸ್ಥಾನದಲ್ಲಿ ದೂರದರ್ಶನದ ವ್ಯಂಗ್ಯಚಿತ್ರದ ತುಂಟ ಹುಡುಗ. ಕೊಟ್ಟಿಗೆಯ ಮೇಲೆ ಮೆಕ್‌ಡೊನಾಲ್ಡ್ಸ್ ಲಾಂಛನ. ಕಥೋಲಿಕರು ಪ್ರತಿಭಟಿಸಿದರು. ಮಳಿಗೆಯವರು ಅದನ್ನು ತೆಗೆದು ಕ್ಷಮೆ ಕೇಳಿದರು. ಪ್ರತಿಭಟನೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ: ಜನರು ಪೂಜಿಸುವ ತಾಯಿಯ ರೂಪವನ್ನು ಹಾಗೆ ಬಳಸುವುದು ಕಲೆಯ ಸ್ವಾತಂತ್ರ್ಯವಾದರೂ ನೆರೆಹೊರೆಯ ಸೌಜನ್ಯವಲ್ಲ. ಆದರೆ ಕೋಪ ಇಳಿದ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ವ್ಯಾಪಾರದ ಲಾಂಛನಗಳನ್ನೇ ತನ್ನ ಕಲೆಯ ವಸ್ತುವಾಗಿಸಿಕೊಂಡ ಆ ಕಲಾವಿದನ ಗೋದಲಿ ಆ ಬೀದಿಯ ಬಗ್ಗೆ ಸುಳ್ಳು ಹೇಳಲಿಲ್ಲ. ಕೊಟ್ಟಿಗೆಯ ಮೇಲೆ ಲಾಂಛನವನ್ನು ಹಚ್ಚಿದವರು ಅವನಿಗಿಂತ ಮೊದಲೇ ಬೇರೆಯವರಿದ್ದರು. ಅವನ ದೋಷ ಬೇರೆಡೆಯಿದೆ: ವ್ಯಂಗ್ಯದ ಗುರಿ ವ್ಯಾಪಾರಿಯಾಗಿದ್ದರೂ ಪೆಟ್ಟು ಬಿದ್ದದ್ದು ಭಕ್ತರಿಗೆ. ಅಕ್ವಿನಾಸರ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಅನುಪಾತ ಕೆಟ್ಟಿತ್ತು.

ಗೋದಲಿಯ ಮೂಲಕ್ಕೆ ಹೋದರೆ ಬೇರೊಂದು ಬೆಳಕು ಸಿಗುತ್ತದೆ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ದೃಶ್ಯವನ್ನು ಅವರ ಮೊದಲ ಜೀವನಚರಿತ್ರೆಕಾರ ಸೆಲಾನೊದ ಥಾಮಸ್ ವರ್ಣಿಸಿದ್ದಾನೆ. ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ, ದೀವಟಿಗೆಗಳನ್ನು ಹಿಡಿದು ಬಂದ ಹಳ್ಳಿಗರು, ಅಲ್ಲಿಯೇ ಬಲಿಪೂಜೆ. ಪ್ರತಿಮೆಗಳಿರಲಿಲ್ಲ. ಮಗುವಿನ ಬೊಂಬೆಯೂ ಇರಲಿಲ್ಲ. ನೆರೆದವರಲ್ಲಿ ಒಬ್ಬನಿಗೆ ಮಾತ್ರ ಗೋದಲಿಯಲ್ಲಿ ಮಲಗಿದ ಶಿಶುವಿನ ದರ್ಶನವಾಯಿತಂತೆ. ಎಂದರೆ ಮುಖ್ಯವಾದುದನ್ನು ಖಾಲಿ ಬಿಟ್ಟ ಪ್ರದರ್ಶನ ಅದು. ಗಂಟೆಗಳ ಕಿಟಕಿಯನ್ನು ಮೆಚ್ಚಿದಾಗ ನನ್ನ ಮನಸ್ಸಿನ ಹಿಂದೆ ಇದ್ದದ್ದು ಇದೇ. ನಿಧನರಾದ ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯನ್ನು ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ ಮಾತ್ರವಲ್ಲದೆ ದುಡಿಮೆಯ ಸ್ಥಳ, ಶಾಲೆ, ಆಸ್ಪತ್ರೆ, ಸೆರೆಮನೆ, ಊರ ಚೌಕಗಳಲ್ಲಿಯೂ ಗೋದಲಿಯನ್ನಿಡುವ ರೂಢಿಯನ್ನು ಅವರು ಅದರಲ್ಲಿ ಪ್ರೋತ್ಸಾಹಿಸಿದ್ದಾರೆ. ಅಂಗಡಿಯೂ ಒಂದು ದುಡಿಮೆಯ ಸ್ಥಳವೇ. ಆದುದರಿಂದ ಅಂಗಡಿಯ ಗೋದಲಿಗೆ ನನ್ನ ತಕರಾರಿಲ್ಲ. ಒಂದೇ ಷರತ್ತು, ಅದರ ಸುತ್ತ ಬೆಲೆಚೀಟಿ ಇರಬಾರದು. ಗೋದಲಿಗೆ ಒಂದು ಕಿಟಕಿ ಕೊಡುವುದಾದರೆ ಅದನ್ನು ಪೂರ್ತಿಯಾಗಿ ಕೊಡಲಿ. ಬಾಲಯೇಸುವಿನ ತಲೆಯ ಮೇಲೆ ಶೇಕಡಾ 40 ರಿಯಾಯಿತಿಯ ಫಲಕವನ್ನು ತೂಗುಹಾಕುವುದಕ್ಕಿಂತ ಗೋದಲಿಯೇ ಇಲ್ಲದಿರುವುದು ಹೆಚ್ಚು ಗೌರವ.

ಕಾಲದ ವಿಷಯದಲ್ಲಿ ಮಳಿಗೆಗೂ ಧರ್ಮಸಭೆಗೂ ಎಂದಿಗೂ ಹೊಂದದು. ಮಳಿಗೆಗಳ ಹಬ್ಬ ನವೆಂಬರಿನಲ್ಲಿ, ನಮ್ಮ ಆಗಮನ ಕಾಲ ಕಣ್ಣು ತೆರೆಯುವುದಕ್ಕೆ ಮುಂಚೆಯೇ ಪ್ರಾರಂಭವಾಗುತ್ತದೆ. ಡಿಸೆಂಬರ್ 24ರ ರಾತ್ರಿ ನಮ್ಮ ಹಬ್ಬ ಆರಂಭವಾಗುವ ಹೊತ್ತಿಗೆ ಅವರ ಹಬ್ಬ ಮುಗಿಯುತ್ತ ಬಂದಿರುತ್ತದೆ. ಕೆಲವೇ ದಿನಗಳಲ್ಲಿ ಗಾಜಿನ ಮೇಲೆ ಮಾರಾಟದ ಕೆಂಪು ಅಕ್ಷರಗಳು ಏಳುತ್ತವೆ.

ಬೆಂಗಳೂರಿನ ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್‌ಗಳಲ್ಲಿ ಡಿಸೆಂಬರಿನಲ್ಲಿ ಓಡಾಡಿದವರು ನಮ್ಮ ಕಿಟಕಿಗಳ ಸ್ಥಿತಿಯನ್ನು ಬಲ್ಲರು. ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ದೇವದಾರು, ಉಸಿರು ತುಂಬಿದ ಸಾಂತಾ. ಹಿಮವನ್ನು ಕಾಣದ ನಾಡಿನಲ್ಲಿ ಹತ್ತಿ ಹಿಮವಾದದ್ದಕ್ಕೆ ನಾನು ನಗಲಾರೆ. ಬೆತ್ಲೆಹೇಮಿನ ಕೊಟ್ಟಿಗೆಗೆ ಇಟಲಿಯ ಚಿತ್ರಕಾರರು ತಮ್ಮೂರಿನ ಬೆಟ್ಟಗಳನ್ನು ಹಿನ್ನೆಲೆಯಾಗಿಸಿದ್ದರಲ್ಲ! ವ್ಯತ್ಯಾಸವಿಷ್ಟೆ: ಅವರು ತಮ್ಮದನ್ನು ತಂದರು, ನಾವು ಬೇರೆಯವರದನ್ನು ತರುತ್ತೇವೆ. ಬಿದಿರಿನ ಕಡ್ಡಿಗೆ ಕಾಗದ ಅಂಟಿಸಿದ ನಕ್ಷತ್ರ, ತೆಂಗಿನ ಗರಿಯ ಚಪ್ಪರ, ರಾಗಿಹುಲ್ಲಿನ ಬಣವೆ ನಮ್ಮ ಚರ್ಚುಗಳ ಗೋದಲಿಗಳಲ್ಲಿ ಉಳಿದಿವೆ. ಅಂಗಡಿಗಳಿಗೆ ಇನ್ನೂ ಬಂದಿಲ್ಲ. ಆ ಗಾಜುಗಳ ಮುಂದೆ, ಸಿಗ್ನಲ್ ಕೆಂಪಾದಾಗಲೆಲ್ಲ, ಸಾಂತಾ ಟೋಪಿಗಳನ್ನು ಮಾರುತ್ತ ಓಡುವ ಮಕ್ಕಳಿರುತ್ತಾರೆ. ಅವರೂ ಕಿಟಕಿಯನ್ನು ನೋಡುತ್ತಾರೆ. ಯಾವ ಮೌಲ್ಯಮಾಪನಕ್ಕೂ ಅವರನ್ನು ಕರೆದದ್ದಿಲ್ಲ.

ಪರದೇಶದ ಆ ದೊಡ್ಡ ಕಿಟಕಿಗಳ ಭವಿಷ್ಯವೂ ನಿಶ್ಚಿತವಲ್ಲ. ಗೋದಲಿಯ ವಿವಾದದ ಬಾರ್ನೀಸ್ 2019ರಲ್ಲಿ ದಿವಾಳಿಯಾಗಿ ಮರುವರ್ಷದ ಫೆಬ್ರವರಿಯಲ್ಲಿ ಮುಚ್ಚಿತು. ಪ್ರಧಾನಾಲಯದ ನೆರೆಯ ಸ್ಯಾಕ್ಸ್, ತನ್ನ ಮುಂಗೋಡೆಯ ಮೇಲೆ ಪ್ರತಿವರ್ಷ ನಡೆಸುತ್ತಿದ್ದ ಬೆಳಕಿನ ಪ್ರದರ್ಶನವನ್ನು 2024ರಲ್ಲಿ ಕೈಬಿಟ್ಟಿತು. ಕೆನಡಾದ ಹಡ್ಸನ್ಸ್ ಬೇ ಮಳಿಗೆಗಳು 2025ರಲ್ಲಿ ಬಾಗಿಲು ಹಾಕಿದವು. ಗಂಟೆಗಳು ತೂಗಿದ್ದ ಲಾರ್ಡ್ ಅಂಡ್ ಟೇಲರಿನ ಫಿಫ್ತ್ ಅವೆನ್ಯೂ ಮಳಿಗೆ 2019ರ ಜನವರಿಯಲ್ಲಿ ಮುಚ್ಚಿತು. ಅದರ ಹಿಂದಿನ ಕ್ರಿಸ್‌ಮಸ್ಸಿಗೆ ಅಲ್ಲಿ ಹಬ್ಬದ ದೃಶ್ಯಗಳಿರಲಿಲ್ಲ, ಅಂಗಡಿ ಮುಚ್ಚುವ ಮಾರಾಟದ ಫಲಕಗಳಿದ್ದವು. 2020ರಲ್ಲಿ ಆ ಕಟ್ಟಡವನ್ನು ಕೊಂಡ ಸಂಸ್ಥೆ ಅಮೆಜಾನ್. ಕಿಟಕಿಯೇ ಇಲ್ಲದ ಅಂಗಡಿ ಅದು. ಅಲ್ಲಿ ಕೊಳ್ಳುವವನು ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಕೊಳ್ಳುತ್ತಾನೆ. ಆಸೆ ಹಾಗೆಯೇ ಉಳಿದಿದೆ, ಇನ್ನೂ ಹರಿತವಾಗಿದೆ. ಬೀದಿಯಲ್ಲಿ ಅಪರಿಚಿತರೊಡನೆ ಹೆಗಲಿಗೆ ಹೆಗಲು ತಾಗಿಸಿ ನಿಂತು ನೋಡುವ ಸಂದರ್ಭ ಮಾತ್ರ ಹೋಯಿತು. ಬಾಮನ ಕೈಪಿಡಿಯ ಅರ್ಧ ಭಾಗ ಗೆದ್ದಿತು, ಇನ್ನರ್ಧ ಸೋತಿತು ಎನ್ನಬೇಕು.

ನಮ್ಮ ಪಟ್ಟಣದ ವರ್ತಕರ ಸಂಘದವರು ಈ ಡಿಸೆಂಬರಿನಲ್ಲಿ ಪೇಟೆ ಬೀದಿಯ ಅಂಗಡಿಗಳಿಗೆ ಹಬ್ಬದ ಅಲಂಕಾರ ಸ್ಪರ್ಧೆಯನ್ನಿಟ್ಟಿದ್ದಾರೆ. ತೀರ್ಪುಗಾರರಲ್ಲಿ ನನ್ನನ್ನೂ ಸೇರಿಸಿದ್ದಾರೆ. ಅವರು ಕಳುಹಿಸಿದ ಅಂಕಪಟ್ಟಿಯಲ್ಲಿ ವಿದ್ಯುದ್ದೀಪಗಳಿಗೆ 40, ಗಾತ್ರಕ್ಕೆ 30, ಹೊಸತನಕ್ಕೆ 30 ಎಂದಿತ್ತು. ಗಾತ್ರವನ್ನು ಕೈಬಿಟ್ಟು ಆ 30ನ್ನು, ದೃಶ್ಯದ ಭಾಗಗಳು ಒಂದಕ್ಕೊಂದು ಹೊಂದಿವೆಯೇ ಎಂಬುದಕ್ಕೆ ಕೊಡಬೇಕೆಂದೂ, ಬೆಲೆಫಲಕವಿಲ್ಲದ ಕಿಟಕಿಗೆ ಪ್ರತ್ಯೇಕ ಬಹುಮಾನವಿರಲೆಂದೂ, ಬೆಳಿಗ್ಗೆ ಹತ್ತಕ್ಕೊಮ್ಮೆ ಸಂಜೆ ಏಳಕ್ಕೊಮ್ಮೆ ಎರಡು ಸಲ ಸುತ್ತು ಹಾಕೋಣವೆಂದೂ ಬರೆದಿದ್ದೇನೆ. ತೀರ್ಪುಗಾರರ ಜೊತೆಗೆ ಆರು ವರ್ಷದ ಮಗುವೊಂದನ್ನು ಕರೆದೊಯ್ದು ಅದು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಕೊಳ್ಳಬೇಕೆಂದೂ ಕೇಳಿಕೊಂಡಿದ್ದೇನೆ. ಅಂಕಪಟ್ಟಿಯ ತಿದ್ದುಪಡಿಗೆ ಸಂಘದವರು ಒಪ್ಪಿದ್ದಾರೆ. ಮಗುವಿನ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದಾರೆ.